ಗುಜರಿಯಿಂದ ತಂದ ಹಳೆಯ ಸಾಮಾನಿಗೆ ಮಳೆಗಾಲದಲ್ಲಿ ಬಣ್ಣ ಬಳಿಯಬಹುದೇ?

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಹತ್ತಿರ ಇರುವವಳು. ಹಳೆಯ ತೋಟದ ಬಂಗಲೆಯೊಂದರ ಸಾಮಾನುಗಳು ಗುಜರಿ ಅಂಗಡಿಗೆ ಬಂದಾಗ ಕಪ್ಪು ಮರದ ಒಂದು ಟೀಪಾಯಿ, ಹಸಿರು ಬಣ್ಣದ ಜಾಲರಿ ಬಾಗಿಲಿನ ಅಡುಗೆಮನೆ ಕಪಾಟು, ಬಿಳಿ ಅಕ್ಷರಗಳಿರುವ ಕಪ್ಪು ತಗಡಿನ ಟ್ರಂಕು, ಸತುವಿನ ಲೇಪವಿರುವ ಬಕೆಟ್, ಎನಾಮಲ್ ಜಗ್ಗು ಮತ್ತು ಎರಡು ಉಪ್ಪಿನಕಾಯಿ ಭರಣಿಗಳನ್ನು ಕಡಿಮೆ ಬೆಲೆಗೆ ಕೊಂಡೆ. ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇಗೆ ಸಿದ್ಧಪಡಿಸುತ್ತಿದ್ದೇವೆ. ಜುಲೈ ತಿಂಗಳ ಕೊನೆಗೆ, ಅಂದರೆ ಇನ್ನು ನಾಲ್ಕು ವಾರಗಳಲ್ಲಿ, ಅತಿಥಿಗಳು ಬರುತ್ತಾರೆ. ಚಾಕ್ ಪೇಂಟ್ ಬಳಸಿದರೆ ಉಜ್ಜದೆ, ಪ್ರೈಮರ್ ಹಚ್ಚದೆ, ಒಂದೇ ದಿನದಲ್ಲಿ ಎಲ್ಲವನ್ನೂ ಹೊಸದಾಗಿಸಬಹುದು ಎಂದು ಹೇಳುತ್ತಾರೆ. ಇದು ನಿಜವೇ? ಯಾವ ಬಣ್ಣ ಒಳ್ಳೆಯದು?

ಉತ್ತರ: ನಾಲ್ಕು ವಾರ ಸಾಕು, ಒಂದು ದಿನ ಖಂಡಿತ ಸಾಲದು. ನೀವು ತಂದಿರುವ ವಸ್ತುಗಳಲ್ಲಿ ನಿಜವಾಗಿ ಬಣ್ಣ ಬೇಕಿರುವುದು ಕಪಾಟಿಗೆ, ಬಕೆಟ್ಟಿಗೆ ಮತ್ತು ಟ್ರಂಕಿನ ಒಂದು ಭಾಗಕ್ಕೆ ಮಾತ್ರ. ಟೀಪಾಯಿಯ ಮರ ಯಾವುದೆಂದು ತಿಳಿಯುವವರೆಗೆ ಅದರ ಮೇಲೆ ಕುಂಚವನ್ನೇ ಇಡಬೇಡಿ.

ಚಾಕ್ ಪೇಂಟ್ ಎಂಬ ಹೆಸರಿನ ಬಣ್ಣವನ್ನು ಇಂಗ್ಲೆಂಡಿನಲ್ಲಿ ಆ್ಯನಿ ಸ್ಲೋನ್ ಎಂಬವರು 1990ರಲ್ಲಿ ರೂಪಿಸಿದರು. ಅದರಲ್ಲಿ ಸುಣ್ಣದ ಜಾತಿಯ ನುಣ್ಣನೆಯ ಪುಡಿ ಹೆಚ್ಚಿರುವುದರಿಂದ ಹೊಳಪಿಲ್ಲದ, ಸ್ವಲ್ಪ ಒರಟಾದ ಮೈ ಬರುತ್ತದೆ. ಉಜ್ಜದ ಮರದ ಮೇಲೂ ಅದು ಒಂದು ಮಟ್ಟಿಗೆ ಹಿಡಿದುಕೊಳ್ಳುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಅದೇ ಗುಣದಿಂದಾಗಿ ಆ ಬಣ್ಣದ ಪದರ ತೇವವನ್ನು ಹೀರುತ್ತದೆ. ಒಣ ಹವೆಯ ಊರಿನಲ್ಲಿ ಅದರ ಮೇಲೆ ಮೇಣ ತಿಕ್ಕಿ ಬಿಟ್ಟರೆ ಸಾಕಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯ ಸುತ್ತಿನಲ್ಲಿ, ವಾರಗಟ್ಟಲೆ ಬಿಸಿಲು ಕಾಣದ ಕೋಣೆಯಲ್ಲಿ, ಮೇಣ ಮಾತ್ರ ಹಚ್ಚಿದ ಚಾಕ್ ಪೇಂಟಿನ ಮೇಲೆ ಮೊದಲ ಮಳೆಗಾಲದಲ್ಲಿಯೇ ಬೂಷ್ಟು ಹಿಡಿಯುವ ಸಾಧ್ಯತೆ ಬಹಳ ಹೆಚ್ಚು. ಇದಲ್ಲದೆ ಒಮ್ಮೆ ಮೇಣ ತಿಕ್ಕಿದ ಮೈಯ ಮೇಲೆ ಮುಂದೆ ಮೇಣವನ್ನು ತೆಗೆಯದೆ ಬೇರೆ ಬಗೆಯ ಬಣ್ಣ ಸರಿಯಾಗಿ ನಿಲ್ಲುವುದಿಲ್ಲವಾದ್ದರಿಂದ, ತಪ್ಪನ್ನು ತಿದ್ದುವುದೂ ಕಷ್ಟವಾಗುತ್ತದೆ. ನಿಮಗೆ ಆ ಮಬ್ಬು ಮೈಯೇ ಇಷ್ಟವಾದರೆ ಬಳಸಿ; ಆದರೆ ಮೇಲೆ ಮೇಣದ ಬದಲು ನೀರಿನಲ್ಲಿ ಬೆರೆಯುವ, ಹೊಳಪಿಲ್ಲದ ಪಾಲಿಯುರೆಥೇನ್ ವಾರ್ನಿಷ್ ಅನ್ನು ತೆಳುವಾಗಿ ಎರಡು ಸಲ ಹಚ್ಚಿ.

ನಮ್ಮ ಜಿಲ್ಲೆಯಲ್ಲಿ ಈ ಕೆಲಸದ ವೇಗವನ್ನು ನಿರ್ಧರಿಸುವುದು ಡಬ್ಬಿಯ ಮೇಲೆ ಬರೆದಿರುವ ಗಂಟೆಗಳಲ್ಲ, ಕೋಣೆಯ ಗಾಳಿ. ಒಂದೇ ಡಬ್ಬಿಯ ಬಣ್ಣ ಕುಶಾಲನಗರದ ಕಡೆ, ಮಳೆ ಕಡಿಮೆಯಿರುವ ಬಯಲಿನಲ್ಲಿ, ಮಧ್ಯಾಹ್ನದೊಳಗೆ ಎರಡನೆಯ ಕೈಗೆ, ಅಂದರೆ ಎರಡನೆಯ ಪದರಕ್ಕೆ, ಸಿದ್ಧವಾಗಬಹುದು. ಅದೇ ದಿನ ಭಾಗಮಂಡಲದಲ್ಲಿ ಮರುದಿನವೂ ಬೆರಳಿಗೆ ಅಂಟಬಹುದು. ಗಾಳಿಯ ತೇವಾಂಶ ಶೇಕಡ 85ನ್ನು ಮೀರಿದಾಗ ಬಣ್ಣ ಬಳಿಯಬಾರದು ಎಂಬುದು ಈ ಕಸುಬಿನಲ್ಲಿ ಎಲ್ಲ ಕಡೆ ಪಾಲಿಸುವ ನಿಯಮ. ತೇವಾಂಶ ತೋರಿಸುವ ಸಣ್ಣ ಮಾಪಕ ದುಬಾರಿಯದಲ್ಲ. ಒಂದನ್ನು ಕೊಂಡು ನೀವು ಕೆಲಸ ಮಾಡುವ ಕೋಣೆಯ ಗೋಡೆಗೆ ತೂಗುಹಾಕಿ. ಕಿಟಕಿ ತೆರೆದಿಟ್ಟರೆ ಬೇಗ ಒಣಗುತ್ತದೆ ಎಂಬ ನಂಬಿಕೆ ಜುಲೈ ತಿಂಗಳಿಗೆ ಹೊಂದುವುದಿಲ್ಲ, ಏಕೆಂದರೆ ಆಗ ಹೊರಗಿನಿಂದ ಒಳಬರುವುದು ನೀರು ತುಂಬಿದ ಗಾಳಿ. ಕಿಟಕಿ ಮುಚ್ಚಿ, ತೇವ ಹೀರುವ ಯಂತ್ರವೊಂದನ್ನು ಬಾಡಿಗೆಗೆ ಅಥವಾ ಎರವಲಿಗೆ ಪಡೆದು ಓಡಿಸಿ. ಅದು ಸಿಗದಿದ್ದರೆ ಸಣ್ಣ ವಿದ್ಯುತ್ ಹೀಟರನ್ನು ದೂರದಲ್ಲಿಟ್ಟು ಫ್ಯಾನ್ ತಿರುಗಿಸಿ. ಟರ್ಪೆಂಟೈನ್, ಥಿನ್ನರ್, ಸ್ಪಿರಿಟ್ ಬಳಸುವ ಹೊತ್ತಿನಲ್ಲಿ ಮಾತ್ರ ಹೀಟರ್ ಆರಿಸಿ, ಕಿಟಕಿ ತೆರೆಯಲೇಬೇಕು. ಆ ಆವಿಗೆ ಬೆಂಕಿ ತಗಲುವುದು ಕ್ಷಣದ ಮಾತು. ಸಾಮಾನುಗಳನ್ನು ಒಲೆಯ ಪಕ್ಕದಲ್ಲಿಟ್ಟು ಒಣಗಿಸುವವರಿದ್ದಾರೆ. ಅದು ಬೇಡ. ಒಂದು ಮಗ್ಗುಲು ಮಾತ್ರ ಬೇಗ ಒಣಗಿ ಹಲಗೆ ಸೀಳುತ್ತದೆ, ಮೇಲಾಗಿ ಹೊಗೆಯ ಜಿಡ್ಡು ಕೂರುತ್ತದೆ.

ಮರ ಒಣಗಿದೆಯೇ ಎಂದು ತಿಳಿಯಲು ತೋಟದ ಮನೆಯಲ್ಲಿ ಬೇರೆ ಉಪಕರಣ ಬೇಕಿಲ್ಲ. ಕಾಫಿ ಮೂಟೆ ತೂಗುವ ತಕ್ಕಡಿಯೇ ಸಾಕು. ಕಣದಲ್ಲಿ ಹರಡಿದ ಕಾಫಿಯಂತೆ ಮರವೂ ಮುಟ್ಟಿದರೆ ಒಣಗಿದಂತೆಯೇ ತೋರುತ್ತದೆ, ಒಳಗಿನ ನೀರು ತೂಕದಲ್ಲಿ ಮಾತ್ರ ಗೊತ್ತಾಗುತ್ತದೆ. ಕಪಾಟನ್ನು ತೊಳೆದ ಮೇಲೆ ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೂರು ದಿನ ಸತತವಾಗಿ ತೂಕ ಇಳಿಯದಿದ್ದರೆ, ಆ ಕೋಣೆಯ ಗಾಳಿಯಲ್ಲಿ ಅದು ಒಣಗಬಹುದಾದಷ್ಟು ಒಣಗಿದೆ ಎಂದು ತಿಳಿಯಬೇಕು. ಕೋಣೆಯ ತೇವಾಂಶ ಶೇಕಡ 90ರ ಹತ್ತಿರವೇ ಇದ್ದರೆ ಮರದೊಳಗೆ ಶೇಕಡ 20ರ ಆಸುಪಾಸಿನಲ್ಲಿ ನೀರು ಉಳಿದಿರುತ್ತದೆ. ಬಣ್ಣಕ್ಕೆ ಬೇಕಿರುವುದು 15 ಅಥವಾ ಅದಕ್ಕಿಂತ ಕಡಿಮೆ. ಆದ್ದರಿಂದಲೇ ಮೊದಲು ಕೋಣೆಯನ್ನು ಒಣಗಿಸಿ ಎನ್ನುತ್ತಿದ್ದೇನೆ.

ಈಗ ಟೀಪಾಯಿಯ ವಿಷಯ. ಅದನ್ನು ತಲೆಕೆಳಗು ಮಾಡಿ, ಹಲಗೆಯ ಅಡಿಯಲ್ಲಿ ಯಾರಿಗೂ ಕಾಣದ ಕಡೆ, ಬ್ಲೇಡಿನಿಂದ ಉಗುರಿನಷ್ಟು ಜಾಗವನ್ನು ಕೆರೆಯಿರಿ. ನೇರಳೆ ಛಾಯೆಯ ಕಂದು ಮೈ, ನಡುವೆ ಕಪ್ಪು ಗೆರೆಗಳು, ಕೆರೆದಾಗ ಹಿತವಾದ ಪರಿಮಳ, ಗಾತ್ರಕ್ಕೆ ಮೀರಿದ ಭಾರ ಇದ್ದರೆ ಅದು ಬೀಟೆ. ಹೊನ್ನಿನ ಕಂದು, ಬೆರಳಿಗೆ ಎಣ್ಣೆಯಂತಹ ನಯ, ತೊಗಲಿನಂತಹ ವಾಸನೆ ಇದ್ದರೆ ತೇಗ. ಕೆರೆದಲ್ಲಿ ಹಳದಿ ಕಂಡರೆ ಬಹುಮಟ್ಟಿಗೆ ಹಲಸು. ಹಗುರವಾಗಿದ್ದು ಮೈತುಂಬ ಮಿನುಗುವ ಚುಕ್ಕೆಗಳಂತಹ ಗುರುತುಗಳಿದ್ದರೆ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್. ಸಿಲ್ವರ್ ಓಕ್ ಆಗಿದ್ದರೆ ಧಾರಾಳವಾಗಿ ಬಣ್ಣ ಬಳಿಯಿರಿ, ಅದಕ್ಕೆ ಬಣ್ಣ ಶೋಭೆಯನ್ನೇ ತರುತ್ತದೆ. ಬೀಟೆಯಾಗಿದ್ದರೆ ದಯವಿಟ್ಟು ಬಳಿಯಬೇಡಿ. ಆ ಮರದ ಒಳಗಿನ ಬಣ್ಣವೇ ನೀರಿನ ಪೇಂಟಿನ ಮೂಲಕ ಕೆಂಪುಕಂದು ಕಲೆಗಳಾಗಿ ಹೊರಬರುತ್ತದೆ ಎಂಬುದು ಒಂದು ಕಾರಣ. ಅಂತಹ ಹಲಗೆ ಇಂದು ಸುಲಭವಾಗಿ ಸಿಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅದರ ಎಳೆಗಳ ಸಂದಿನಲ್ಲಿ ಕುಳಿತ ಬಿಳಿ ಬಣ್ಣವನ್ನು ಮುಂದೆ ಯಾರೂ ಪೂರ್ಣವಾಗಿ ತೆಗೆಯಲಾರರು. ಗುಜರಿಗೆ ಬಂತು ಎಂದ ಮಾತ್ರಕ್ಕೆ ಒಂದು ವಸ್ತು ಬೆಲೆಯಿಲ್ಲದ್ದಾಗುವುದಿಲ್ಲ. ಕಪ್ಪಗೆ ಕಾಣುವುದು ಅನೇಕ ಬಾರಿ ಮರವಲ್ಲ, ಅಟ್ಟದ ಮೇಲೆ ವರ್ಷಗಟ್ಟಲೆ ಕೂತ ಹೊಗೆಯ ಮಸಿ.

ಆ ಮಸಿಯನ್ನು ತೆಗೆಯಲು ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎಳೆಯ ಉದ್ದಕ್ಕೆ ಒರೆಸಿ, ಬಟ್ಟೆ ಕಪ್ಪಾದ ಕೂಡಲೇ ಬದಲಿಸುತ್ತಾ ಹೋಗಿ. ಅನಂತರ ಅಡಿಭಾಗದಲ್ಲಿ ಸ್ಪಿರಿಟಿನ ಒಂದು ಹನಿ ಇಟ್ಟು ನೋಡಿ. ಆ ಜಾಗ ಅಂಟಂಟಾದರೆ ಹಳೆಯ ಲೇಪ ಅರಗಿನ ಪಾಲಿಶ್ ಎಂದರ್ಥ, ಮತ್ತು ಇದು ಶುಭ ಸೂಚನೆ: ಸ್ಪಿರಿಟಿನಲ್ಲಿ ತೆಳುವಾಗಿ ಕರಗಿಸಿದ ಅರಗನ್ನು ಹತ್ತಿಯ ಉಂಡೆಯಿಂದ ಹಗುರವಾಗಿ ತೇಯ್ದರೆ ಹಳೆಯ ಪದರವೇ ಕರಗಿ ಹೊಸದರೊಡನೆ ಬೆಸೆದುಕೊಳ್ಳುತ್ತದೆ, ಏನನ್ನೂ ಕಿತ್ತು ತೆಗೆಯಬೇಕಿಲ್ಲ. ಸ್ಪಿರಿಟಿಗೆ ಬಗ್ಗದೆ ಥಿನ್ನರಿಗೆ ಕರಗಿದರೆ ಅದು ಲ್ಯಾಕರ್. ಎರಡಕ್ಕೂ ಅಲುಗದಿದ್ದರೆ ವಾರ್ನಿಷ್. ಅರಗಿನ ಪಾಲಿಶ್ ಮಳೆಯ ದಿನ ಬಿಳಿಚಿಕೊಳ್ಳುತ್ತದೆ. ಸ್ಪಿರಿಟ್ ಬೇಗ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರಲ್ಲಿ ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣ. ಹಾಗಾದರೆ ಗಾಬರಿಯಾಗದೆ, ಕೋಣೆ ಒಣಗಿದ ದಿನ ಬರಿಯ ಸ್ಪಿರಿಟ್ ತಾಗಿಸಿದ ಉಂಡೆಯನ್ನು ಮೇಲಿಂದ ಹಗುರವಾಗಿ ಒಂದು ಸಲ ಹಾಯಿಸಿದರೆ ಬಿಳುಪು ಬಹುತೇಕ ಹೋಗುತ್ತದೆ. ಅತಿಥಿಗಳು ಬಿಸಿ ಕಾಫಿಯ ಲೋಟವನ್ನು ನೇರವಾಗಿ ಇಟ್ಟರೆ ಅರಗಿನ ಮೇಲೆ ಬಿಳಿಯ ಉಂಗುರ ಬೀಳುತ್ತದೆಯಾದ್ದರಿಂದ ಮೇಲೊಂದು ಗಾಜಿನ ಹಲಗೆ ಹಾಕಿಸುವುದು ಒಳ್ಳೆಯದು. ಗಾಜಿನ ಅಡಿಯಲ್ಲಿ ನಾಲ್ಕು ಮೂಲೆಗೆ ಸಣ್ಣ ರಬ್ಬರ್ ಬಿಲ್ಲೆಗಳನ್ನಿಟ್ಟರೆ ತೇವ ಒಳಗೆ ಸಿಕ್ಕಿಕೊಳ್ಳುವುದಿಲ್ಲ.

ಕಪಾಟು ನಿಮ್ಮ ಅತಿ ದೊಡ್ಡ ಕೆಲಸ, ಅತಿ ಎಚ್ಚರ ಬೇಕಾದ ಕೆಲಸವೂ ಹೌದು. ಅನೇಕ ಪದರಗಳ ಹಳೆಯ ಹಸಿರು ಎನಾಮಲ್ ಎಂದರೆ ಅದರಲ್ಲಿ ಸೀಸ ಇದೆ ಎಂದೇ ಭಾವಿಸಿ ನಡೆಯಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದು ಎಂಬ ಕೇಂದ್ರದ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಅನೇಕ ಎಣ್ಣೆ ಬಣ್ಣಗಳಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಸೀಸ ಇರುತ್ತಿತ್ತು. ಆ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವಷ್ಟು ಕಾಲ ಹೆಚ್ಚಿನ ಅಪಾಯವಿಲ್ಲ, ಅದನ್ನು ಒಣಗಿರುವಾಗ ಉಜ್ಜಿ ಧೂಳೆಬ್ಬಿಸಿದಾಗಲೇ ಅದು ವಿಷ. ಆ ಧೂಳು ಚಿಕ್ಕ ಮಕ್ಕಳ ಮಿದುಳಿಗೂ ಗರ್ಭಿಣಿಯರಿಗೂ ಹಾನಿ ಮಾಡುತ್ತದೆ. ಆದುದರಿಂದ ಇದಕ್ಕೆ ಯಂತ್ರದ ಸ್ಯಾಂಡರ್ ಬೇಡ, ಬೆಂಕಿಯಿಂದ ಸುಟ್ಟು ಕೆರೆಯುವುದಂತೂ ಬೇಡವೇ ಬೇಡ. ನೀರಿನಲ್ಲಿ ಬಳಸುವ 220ನೇ ನಂಬರಿನ ಸ್ಯಾಂಡ್‌ಪೇಪರನ್ನು ಸೋಪಿನ ನೀರಿನಲ್ಲಿ ಅದ್ದಿ, ಹೊಳಪು ಹೋಗುವಷ್ಟು ಮಾತ್ರ ತಿಕ್ಕಿ, ಆ ಕೆಸರನ್ನು ಒದ್ದೆ ಬಟ್ಟೆಯಿಂದ ತೆಗೆಯುತ್ತಾ ಬನ್ನಿ. ಎದ್ದ ಚಕ್ಕೆಗಳನ್ನು ನೀರು ಚಿಮುಕಿಸಿಯೇ ಕೆರೆಯಿರಿ. ಕೈಗವಸು, ಎನ್95 ಮಾಸ್ಕು ಧರಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದುದೆಲ್ಲವನ್ನೂ ಬಟ್ಟೆಯ ಸಮೇತ ಚೀಲದಲ್ಲಿ ಕಟ್ಟಿ ಇಡಿ. ಅದನ್ನು ಒಲೆಗೆ ಹಾಕುವುದಾಗಲಿ, ಕಾಫಿ ಗಿಡದ ಬುಡಕ್ಕೆ ಸುರಿಯುವುದಾಗಲಿ ಕೂಡದು. ಕೆಲಸ ಮುಗಿಯುವವರೆಗೆ ಮಕ್ಕಳು ಆ ಕೋಣೆಗೆ ಬಾರದಿರಲಿ.

ಉಜ್ಜುವ ಮುನ್ನ ಒಮ್ಮೆ ಕಪಾಟಿನ ಕಾಲುಗಳನ್ನು ನೋಡಿ. ಇಂತಹ ಜಾಲರಿ ಕಪಾಟುಗಳ ಕಾಲುಗಳನ್ನು ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲುಗಳಲ್ಲಿ ಇಡುತ್ತಿದ್ದರು. ಹಾಗಾಗಿ ಮೇಲೆಲ್ಲ ಗಟ್ಟಿಯಿದ್ದರೂ ಪಾದದ ಮೂರು ನಾಲ್ಕು ಬೆರಳಿನಷ್ಟು ಮರ ಮೆತ್ತಗಾಗಿರುವುದು ಸಾಮಾನ್ಯ. ಮೊನಚಾದ ದಬ್ಬಳ ಚುಚ್ಚಿ ನೋಡಿ. ಸುಲಭವಾಗಿ ಒಳಹೋದರೆ ಬಡಗಿಯಿಂದ ಆ ತುಂಡನ್ನು ಕತ್ತರಿಸಿ ಹೊಸ ಮರ ಜೋಡಿಸಬೇಕು, ಲಪ್ಪ (ಪುಟ್ಟಿ) ತುಂಬಿ ಬಣ್ಣ ಬಳಿದರೆ ತುಂಬಿದ ಲೋಟಗಳ ಭಾರಕ್ಕೆ ಕಪಾಟು ವಾಲುತ್ತದೆ. ಸೂಜಿಯ ತೂತುಗಳಿದ್ದು ಅಡಿಯಲ್ಲಿ ನುಣ್ಣನೆಯ ಹಿಟ್ಟು ಬೀಳುತ್ತಿದ್ದರೆ ಕುಟ್ಟೆ ಇನ್ನೂ ಜೀವಂತವಾಗಿದೆ. ಅದಕ್ಕೆ ಮರದ ಹುಳುವಿಗೆಂದೇ ಮಾರುವ ಔಷಧವನ್ನು ಸಿರಿಂಜಿನಿಂದ ತೂತುಗಳಿಗೆ ಬಿಟ್ಟು, ಬಣ್ಣವಿಲ್ಲದ ಒಳಮೈಗೆಲ್ಲ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ ಕೆಲವು ದಿನ ಬಿಡಿ. ಮೇಲೆ ಬಣ್ಣ ಮುಚ್ಚಿದ ಮೇಲೆ ಈ ಔಷಧ ಒಳಗೆ ಇಳಿಯುವುದಿಲ್ಲ. ಔಷಧ ಒಳಗೆಲ್ಲ ಹಚ್ಚಿರುವ ಕಾರಣಕ್ಕೆ ಇಂತಹ ಕಪಾಟಿನಲ್ಲಿ ತೆರೆದ ತಿಂಡಿ ಇಡಬೇಡಿ. ಲೋಟ, ಪುಸ್ತಕ, ಹಾಸಿಗೆ ಬಟ್ಟೆಗಳಿಗೆ ಅದು ಸಾಕು.

ಹಳೆಯ ಜಾಲರಿಯನ್ನು ಬಿಚ್ಚಿ ತೆಗೆಯುವುದೇ ಸರಿ. ಅದಕ್ಕೆ ಬಣ್ಣ ಬಳಿಯಲು ಹೋದರೆ ಕಣ್ಣುಗಳು ಮುಚ್ಚಿಕೊಳ್ಳುತ್ತವೆ. ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಸೀಸೆ ಇಟ್ಟಿದ್ದ ಕಡೆ ಆ ಹುಳಿಯ ಆವಿಗೆ ತಂತಿಯೇ ತಿಂದುಹೋಗಿರಲೂಬಹುದು. ತುಕ್ಕು ಹಿಡಿಯದ ಉಕ್ಕಿನ ಜಾಲರಿ ವಿರಾಜಪೇಟೆ, ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಚಿಲಕ, ಬಿಜಾಗರಿಗಳನ್ನು ಕಳಚಿ, ಯಾವುದು ಎಲ್ಲಿಯದೆಂದು ಚೀಟಿ ಬರೆದು ಇಡಿ. ಅವು ಹಿತ್ತಾಳೆಯಾಗಿದ್ದರೆ ಹುಣಸೆಹಣ್ಣಿನಿಂದ ತೊಳೆದು ಹಾಗೆಯೇ ಮರಳಿ ಜೋಡಿಸಿ.

ಬಣ್ಣದ ಕ್ರಮ ಹೀಗಿರಲಿ. ವಾಷಿಂಗ್ ಸೋಡಾದ ನೀರಿನಲ್ಲಿ ಜಿಡ್ಡು ತೆಗೆದು, ಬೂಷ್ಟಿದ್ದಲ್ಲಿ ವಿನೆಗರ್ ಒರೆಸಿ, ಒಳ್ಳೆಯ ನೀರಿನಲ್ಲಿ ಮತ್ತೆ ಒರೆಸಿ, ತೂಕ ನಿಲ್ಲುವವರೆಗೆ ಒಣಗಿಸಿದ ಬಳಿಕ, ಮಸಿಯ ಕಲೆ ಮತ್ತು ಬರಿಮರ ಕಾಣುವ ಜಾಗಗಳಿಗೆ ಅರಗಿನ ತೆಳು ಪದರ ಹಚ್ಚಿ. ಈ ಒಂದು ಪದರವಿಲ್ಲದಿದ್ದರೆ ಅಟ್ಟದ ಹೊಗೆಯ ಹಳದಿ ಕಲೆ ನೀರಿನ ಬಣ್ಣದ ಎಷ್ಟು ಪದರಗಳನ್ನಾದರೂ ದಾಟಿ ಮೇಲೆ ಬರುತ್ತದೆ. ಅದರ ಮೇಲೆ ಹಳೆಯ ಬಣ್ಣಕ್ಕೂ ಅಂಟುವಂತಹ ನೀರಿನ ಪ್ರೈಮರ್, ಅನಂತರ ನೀರಿನಲ್ಲಿ ಬೆರೆಯುವ ಆ್ಯಕ್ರಿಲಿಕ್ ಎನಾಮಲ್ ತೆಳುವಾಗಿ ಎರಡು ಕೈ. ಎಣ್ಣೆಯ ಎನಾಮಲ್ ಗಟ್ಟಿಯೇನೋ ಹೌದು, ಆದರೆ ಮಳೆಗಾಲದ ಮುಚ್ಚಿದ ಕೋಣೆಯಲ್ಲಿ ಅದರ ವಾಸನೆ ವಾರಗಟ್ಟಲೆ ನಿಲ್ಲುತ್ತದೆ, ಮಲಗುವ ಕೋಣೆಗೆ ಅದು ತಕ್ಕುದಲ್ಲ. ಎರಡು ಕೈಗಳ ನಡುವೆ ಡಬ್ಬಿ ನಾಲ್ಕು ಗಂಟೆ ಎಂದು ಹೇಳಿದ್ದರೂ ನೀವು ಒಂದು ರಾತ್ರಿ ಬಿಡಿ. ಇಡೀ ಕಪಾಟಿಗೆ ಕೈಹಾಕುವ ಮುನ್ನ ಹಿಂಬದಿಯಲ್ಲಿ ಅಂಗೈ ಅಗಲದಷ್ಟು ಬಳಿದು, ಮೂರು ದಿನ ಬಿಟ್ಟು, ಗಮ್ ಟೇಪ್ ಒತ್ತಿ ಅಂಟಿಸಿ ಫಕ್ಕನೆ ಕೀಳಿ. ಟೇಪಿನೊಂದಿಗೆ ಬಣ್ಣ ಬಂದರೆ ಜಿಡ್ಡು ಉಳಿದಿದೆ ಅಥವಾ ಹೊಳಪು ಹೋಗಿಲ್ಲ ಎಂದರ್ಥ.

ಬಕೆಟ್ಟಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಎಣ್ಣೆಯ ಎನಾಮಲ್ ಬಳಸಬೇಡಿ. ಅದರೊಳಗಿನ ಎಣ್ಣೆ ಸತುವಿನೊಡನೆ ಸೇರಿ ಸಾಬೂನಿನಂತಹ ಪದರವಾಗುತ್ತದೆ, ಕೆಲವೇ ತಿಂಗಳಲ್ಲಿ ಬಣ್ಣ ಹಾಳೆಗಳಾಗಿ ಏಳುತ್ತದೆ. ವಿನೆಗರಿನಿಂದ ತೊಳೆದು ಒಣಗಿಸಿ, ಸತುವಿಗೆ ಹೊಂದುವ ಪ್ರೈಮರ್ ಹಾಕಿ, ಆ್ಯಕ್ರಿಲಿಕ್ ಬಣ್ಣ ಬಳಿಯಿರಿ. ಎನಾಮಲ್ ಜಗ್ಗಿಗೂ ಭರಣಿಗಳಿಗೂ ಏನೂ ಮಾಡಬೇಡಿ. ಅವೆರಡರ ಮೈ ಗಾಜಿನಂಥದು, ಬಣ್ಣ ನಿಲ್ಲುವುದಿಲ್ಲ, ಮತ್ತು ಆ ಕಂದುಬಿಳಿ ಭರಣಿಗಳು ಹಾಗೆಯೇ ಚೆಂದ. ಚಕ್ಕೆ ಎದ್ದ ಜಗ್ಗಿನಲ್ಲಿ ಕುಡಿಯುವ ನೀರು ಕೊಡುವುದರ ಬದಲು ಹೂ ಇಡಿ.

ಟ್ರಂಕಿನ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ, ಆದರೆ ಬಿಳಿ ಅಕ್ಷರಗಳಿವೆ ಎಂದಿರುವುದರಿಂದ ನಾನು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಕೊಡಗಿನಲ್ಲಿ ಸೇನೆಗೆ ಹೋಗಿಬಂದವರಿಲ್ಲದ ಮನೆತನಗಳು ಕಡಿಮೆ; ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಹುದ್ದೆ, ಸಂಖ್ಯೆ, ಕೆಲವೊಮ್ಮೆ ಊರಿಗೆ ಹತ್ತಿರದ ರೈಲು ನಿಲ್ದಾಣದ ಹೆಸರು ಬರೆಯುವುದು ಸೈನಿಕರ ರೂಢಿ. ಅಂತಹ ಬರಹ ನಿಮ್ಮ ಟ್ರಂಕಿನ ಮೇಲಿದ್ದರೆ ಅದನ್ನು ಬಣ್ಣದ ಕೆಳಗೆ ಮುಚ್ಚುವುದು ನನ್ನ ಮಟ್ಟಿಗೆ ಸರಿಯಾದ ಕೆಲಸವಲ್ಲ. ಅದರಲ್ಲಿ ಒಕ್ಕದ (ಕೊಡವರ ಮನೆತನದ) ಹೆಸರಿದ್ದರೆ ಆ ಮನೆಯವರನ್ನು ಹುಡುಕುವುದು ನಮ್ಮ ಜಿಲ್ಲೆಯಲ್ಲಿ ಕಷ್ಟವಲ್ಲ. ಮೊದಲು ಅವರಿಗೆ ತಿಳಿಸಿ. ಮರಳಿ ಬೇಕೆಂದರೆ ಕೊಟ್ಟ ಬೆಲೆಗೆ ಕೊಡಿ, ಬೇಡವೆಂದರೆ ಅತಿಥಿಗಳ ಕೋಣೆಯಲ್ಲಿ ಇಡಲು ಒಪ್ಪಿಗೆ ಕೇಳಿ. ಒಪ್ಪಿದರೆ ಅಕ್ಷರಗಳಿರುವ ಮುಚ್ಚಳವನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಹೊಳಪಿಲ್ಲದ ಪಾರದರ್ಶಕ ವಾರ್ನಿಷ್ ಹಾಕಿ. ಬಿಳಿ ಅಕ್ಷರದ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸುವುದನ್ನು ಮರೆಯಬೇಡಿ.

ಉಳಿದ ಮೈಗೆ, ತುಕ್ಕನ್ನು ತಂತಿಯ ಬ್ರಷ್ಷಿನಿಂದ ತಿಕ್ಕುವಾಗಲೂ ಹಳೆಯ ಬಣ್ಣ ಇರುವ ಕಡೆ ನೀರು ಹಚ್ಚಿಯೇ ತಿಕ್ಕಿ, ಬಟ್ಟೆಯಿಂದ ಒರೆಸಿ, ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕವನ್ನು ಡಬ್ಬಿಯಲ್ಲಿ ಹೇಳಿರುವಂತೆ ಬಳಸಿ. ತಗಡು ಶುದ್ಧವಾಗಿ ಒಣಗಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಬೀಳಬೇಕು, ಏಕೆಂದರೆ ಮಳೆಗಾಲದ ಗಾಳಿಯಲ್ಲಿ ಬರಿ ತಗಡಿನ ಮೇಲೆ ಒಂದು ರಾತ್ರಿಯಲ್ಲಿ ಹೊಸ ತುಕ್ಕು ಮೂಡುತ್ತದೆ. ತಳದ ಹೊರಮೈಯನ್ನು ಬಿಡಬೇಡಿ. ನೆಲದ ತೇವ ತಾಗುವುದು ಅಲ್ಲಿಯೇ. ಮರದ ಎರಡು ಪಟ್ಟಿಗಳ ಮೇಲೆ ಟ್ರಂಕನ್ನು ಎತ್ತರಿಸಿ ಇಡಿ.

ಬಣ್ಣದ ಆಯ್ಕೆ ನಿಮ್ಮ ರುಚಿಗೆ ಬಿಟ್ಟದ್ದು, ಆದರೂ ಕೇಳಿದ್ದೀರಿ. ಮಳೆಗಾಲದಲ್ಲಿ ಕತ್ತಲಾಗಿರುವ ಕೋಣೆಗೆ ಅಚ್ಚ ಬಿಳಿ ಹಿತವೆಂದು ತೋರಿದರೂ ಬೂಷ್ಟಿನ ಮೊದಲ ಚುಕ್ಕೆ ಕಾಣುವುದು ಅದರ ಮೇಲೆಯೇ. ಕಡುಬಣ್ಣದ ಮೇಲೆ ತೇವದ ಮಬ್ಬು ಎದ್ದುಕಾಣುತ್ತದೆ. ಮಧ್ಯಮ ಬಣ್ಣಗಳು ಬಾಳಿಕೆಗೂ ನೋಟಕ್ಕೂ ಒಳ್ಳೆಯವು. ಕಪಾಟಿಗೆ ಹಳೆಯ ಹಸಿರನ್ನೇ ಸ್ವಲ್ಪ ಬೂದು ಬೆರೆಸಿ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ: ಮುಂದೆ ಎಲ್ಲಿಯಾದರೂ ಚಕ್ಕೆ ಎದ್ದರೆ ಒಳಗಿನ ಹಸಿರು ಕಣ್ಣಿಗೆ ಚುಚ್ಚುವುದಿಲ್ಲ. ಬಕೆಟ್ಟಿಗೆ ಕೆಮ್ಮಣ್ಣಿನ ಬಣ್ಣ ಹೊಂದುತ್ತದೆ.

ಸಮಯವನ್ನು ಹೀಗೆ ಹಂಚಿಕೊಳ್ಳಿ: ಮೊದಲ ವಾರ ತೊಳೆಯುವುದು, ಮರ ಗುರುತಿಸುವುದು, ಕಾಲು ಮತ್ತು ಕುಟ್ಟೆಯ ರಿಪೇರಿ, ಒಣಗಿಸುವುದು; ಎರಡನೆಯ ವಾರ ಟ್ರಂಕು ಮತ್ತು ಬಕೆಟ್, ಜೊತೆಗೆ ಕಪಾಟಿನ ಹಿಂಬದಿಯ ಪರೀಕ್ಷೆ; ಮೂರನೆಯ ವಾರ ಕಪಾಟಿನ ಬಣ್ಣ, ಟೀಪಾಯಿಯ ಪಾಲಿಶ್. ಕೊನೆಯ ವಾರ ಯಾವುದನ್ನೂ ಮುಟ್ಟಬೇಡಿ. ಬಣ್ಣ ಮುಟ್ಟಲು ಒಣಗಿದ ಮೇಲೂ ಒಳಗೆ ಗಟ್ಟಿಯಾಗಲು ವಾರಗಳೇ ಬೇಕಾಗುತ್ತವೆ. ಆ ಅವಧಿಯಲ್ಲಿ ಕಪಾಟಿನ ಬಾಗಿಲು ಮುಚ್ಚಿಟ್ಟರೆ ಚೌಕಟ್ಟಿಗೆ ಅಂಟಿ, ತೆರೆದಾಗ ಪದರವೇ ಕಿತ್ತುಬರುತ್ತದೆ. ಬಾಗಿಲನ್ನು ತೆರೆದೇ ಇಡಿ, ಅಂಚುಗಳಿಗೆ ಮೇಣದಬತ್ತಿಯನ್ನು ತಿಕ್ಕಿ, ಒಳಗಿನ ತಟ್ಟೆಗಳ ಮೇಲೆ ಅತಿಥಿಗಳು ಬರುವ ದಿನದವರೆಗೆ ಭಾರದ ವಸ್ತು ಇಡಬೇಡಿ. ಉಳಿದ ಬಣ್ಣವನ್ನು ಸಣ್ಣ ಸೀಸೆಯಲ್ಲಿ ತುಂಬಿ, ಬಣ್ಣದ ಹೆಸರು, ಸಂಖ್ಯೆ, ತಿಂಗಳು ಬರೆದು, ಆ ಕಪಾಟಿನಲ್ಲಿಯೇ ಇರಿಸಿ. ಕಾಫಿ ಕೊಯ್ಲು ಮುಗಿದು ಒಣ ಹವೆ ಬಂದಾಗ ಒಮ್ಮೆ ಎಲ್ಲವನ್ನೂ ನೋಡಿ, ಎದ್ದ ಜಾಗಗಳಿಗೆ ಅದನ್ನೇ ತಾಗಿಸಬಹುದು.